ನಾಲ್ವತ್ತರ ಮೇಲೆ ಚೆಂಡಾಟ

ನಾಲ್ವತ್ತು ದಾಟಿದ ಗೃಹಸ್ಥನೊಬ್ಬನು ಚೆಂಡಿನ ಹಿಂದೆ ಓಡುವದು ನಮ್ಮ ಭಾಗದಲ್ಲಿ ಇನ್ನೂ ನಗೆಯ ವಿಷಯವಾಗಿಯೇ ಉಳಿದಿದೆ. ಆತನು ಬೆಳಗಿನ ಹೊತ್ತು ಕೈಬೀಸಿ ನಡೆದರೆ 'ಸಕ್ಕರಿ ಬ್ಯಾನಿ ಬಂದೈತೇನೋ' ಎಂದು ಜನರು ಮರುಗುವರು. ಯೋಗಾಸನಗಳನ್ನು ಹಾಕಿದರೆ ಮೆಚ್ಚುವರು. ಗೆಳೆಯರೊಡನೆ ಕುಳಿತು ಇಸ್ಪೀಟು ಆಡಿದರೆ ಕಂಡೂ ಕಾಣದವರಂತೆ ಸಾಗುವರು. ಆದರೆ ಅದೇ ಮನುಷ್ಯನು ಚಣ್ಣ ತೊಟ್ಟು, ಬಯಲಿನಲ್ಲಿ ನಾಲ್ಕು ಜನರೆದುರು ಚೆಂಡನ್ನು ಹಿಡಿಯಹೋಗಿ ಬಿದ್ದನೆಂದರೆ ಊರು ನಿಂತು ನೋಡುತ್ತದೆ. ಕಳೆದ ದೀಪಾವಳಿಯ ತರುವಾಯ ಸಿಂದಗಿಯ ಜನರಿಗೆ ಹಾಗೆ ನಿಂತು ನೋಡುವ ಸಂದರ್ಭವನ್ನು ನಾನು ಒದಗಿಸಿಕೊಟ್ಟೆನು.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ವಯಸ್ಸು ನಾಲ್ವತ್ತಾರು, ತೂಕ 88 ಕಿಲೋ. ರನ್ನನ ಗದಾಯುದ್ಧವನ್ನು ಹಲವು ವರ್ಷ ಪಾಠ ಹೇಳಿದ್ದೇನೆ. ಭೀಮ ದುರ್ಯೋಧನರ ನೆಗೆತ, ಹೊಡೆತ, ಮಂಡಲಗತಿಗಳನ್ನು ಮೇಜಿನ ಹಿಂದೆ ನಿಂತು ಎಷ್ಟು ರೋಷದಿಂದ ವರ್ಣಿಸುತ್ತಿದ್ದೆನೆಂದರೆ ಮುಂದಿನ ಬಾಕಿನ ಹುಡುಗರು ಹಿಂದೆ ಸರಿದು ಕೂಡ್ರುತ್ತಿದ್ದರು. ಆದರೆ ಎರಡನೆಯ ಅಂತಸ್ತಿನ ವರ್ಗಕ್ಕೆ ಏರಿದೊಡನೆ ಹಾಜರಿ ಕರೆಯುವ ನೆಪದಿಂದ ಐದು ನಿಮಿಷ ಉಸಿರನ್ನು ಆರಿಸಿಕೊಳ್ಳುತ್ತಿದ್ದ ಸಂಗತಿ ನನಗೊಬ್ಬನಿಗೇ ಗೊತ್ತಿತ್ತು. ಹಾಗೆಂದು ನಾನು ತಿಳಿದಿದ್ದೆ. ಒಂದು ದಿನ ವಿದ್ಯಾರ್ಥಿನಿಯೊಬ್ಬಳು, "ಸರ್ರ, ಹಾಜರಿ ನಾನ ಕರೀತೇನ್ರಿ, ನೀವು ಕೂಡ್ರಿ," ಎಂದು ಬಹು ವಿನಯದಿಂದ ಹೇಳಿದಳು. ವಿನಯವೂ ಕೆಲವು ಸಲ ಗದೆಯಂತೆ ಬೀಳುತ್ತದೆ.

ನಮ್ಮ ಊರಿನಲ್ಲಿ ವಯಸ್ಕರ ಒಂದು ವಾಲಿಬಾಲ್ ಕೂಟ ನಡೆಯುತ್ತದೆ. ಅದಕ್ಕೆ ಹೆಸರಿಲ್ಲ, ಫಲಕವಿಲ್ಲ, ಉದ್ಘಾಟನೆಯಂತೂ ಇಲ್ಲವೇ ಇಲ್ಲ. ಶಿಕ್ಷಕರದೊಂದು, ಕೋರ್ಟು ಕಚೇರಿಗಳ ನೌಕರರದೊಂದು, ಅಡತಿ ಅಂಗಡಿಗಳವರದೊಂದು, ಬಸ್ಸಿನ ಡ್ರೈವರ ಕಂಡಕ್ಟರರದೊಂದು, ಔಷಧದಂಗಡಿ ಮತ್ತು ದವಾಖಾನೆಯವರದೊಂದು, ಹತ್ತಿರದ ಹಳ್ಳಿಯ ಒಕ್ಕಲಿಗರದೊಂದು—ಹೀಗೆ ಆರು ತಂಡಗಳು. ರವಿವಾರ ಬೆಳಗಿನ ಆರು ಗಂಟೆಗೆ ಆಟ. ಪ್ರತಿ ತಂಡವೂ ಉಳಿದ ಐದರೊಡನೆ ಒಂದೊಂದು ಸಲ ಆಡಬೇಕು. ಒಟ್ಟು ಹದಿನೈದು ಪಂದ್ಯಗಳು. ಮೂವತ್ತೈದರ ಕೆಳಗಿನವರಿಗೆ ಪ್ರವೇಶವಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಕರಾರೆಂದರೆ, ಎಂಟು ಜನರ ತಂಡದಲ್ಲಿ ಎಂಟೂ ಜನ ಸರದಿಯಂತೆ ಆಡಲೇಬೇಕು. ಬಾರದವನನ್ನು ಬದಿಗೆ ಕೂಡ್ರಿಸಿ ಬಲ್ಲವರಿಂದಲೇ ಗೆಲ್ಲುವಂತಿಲ್ಲ. ಈ ಕರಾರನ್ನು ಬರೆದ ಮಹಾನುಭಾವನು ಯಾರೋ, ಆತನು ಸಂವಿಧಾನವನ್ನು ಚೆನ್ನಾಗಿ ಓದಿಕೊಂಡಿರಬೇಕು. ಶಿಕ್ಷಕರ ತಂಡದಲ್ಲಿ ಒಬ್ಬರ ಕೊರತೆಯಾಯಿತು. ಭೌತಶಾಸ್ತ್ರದ ಸಹೋದ್ಯೋಗಿಗಳು ನನ್ನ ಮನೆಗೆ ಬಂದು, "ಏಳ ಮಂದಿ ಆಗೇವ್ರಿ, ಎಂಟು ಬೇಕು. ನೀವು ಬಂದು ನಿಂತರ ಸಾಕು," ಎಂದರು. ನಿಂತಿರುವದು ನನ್ನ ವೃತ್ತಿಯೇ ಆಗಿರುವದರಿಂದ ಒಪ್ಪಿಕೊಂಡೆನು.

ಒಪ್ಪಿಕೊಂಡ ಮೇಲೆ, ಅಧ್ಯಾಪಕರ ಚಾಳಿಯಂತೆ, ಆಡುವ ಮೊದಲು ಓದಿದೆನು. ಓದಿದ್ದರಿಂದ ನನ್ನ ಧೈರ್ಯ ಹೆಚ್ಚಿತು. 1891ರಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೈಸ್ಮಿತ್‌ನು ಬಾಸ್ಕೆಟ್‌ಬಾಲ್ ಆಟವನ್ನು ಹುಟ್ಟಿಸಿದನು. ಅದು ತರುಣರಿಗೆ ಒಗ್ಗಿತು. ಮೈಗೆ ಮೈ ತಾಗಿಸಿ ಓಡುವ ಆ ರಭಸ ಹೊಟ್ಟೆ ಬಂದ ವ್ಯಾಪಾರಸ್ಥರಿಗೆ ಒಗ್ಗಲಿಲ್ಲ. ಅಲ್ಲಿಗೆ ಸಮೀಪದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ವ್ಯಾಯಾಮದ ಹೊಣೆ ಹೊತ್ತಿದ್ದ ವಿಲಿಯಂ ಮಾರ್ಗನ್‌ನು 1895ರಲ್ಲಿ ಈ ಹಿರಿಯ ಸದಸ್ಯರಿಗಾಗಿಯೇ ಬೇರೊಂದು ಆಟವನ್ನು ಯೋಚಿಸಿದನು. ನಡುವೆ ಆರು ಅಡಿ ಆರು ಅಂಗುಲದ ಎತ್ತರಕ್ಕೆ, ಅಂದರೆ ಸಾಧಾರಣ ಮನುಷ್ಯನ ತಲೆಗಿಂತ ಸ್ವಲ್ಪವೇ ಮೇಲೆ, ಬಲೆಯನ್ನು ಕಟ್ಟಿದನು. ಎದುರಾಳಿಯು ಬಲೆಯ ಆಚೆಯೇ ಇರುವದರಿಂದ ಡಿಕ್ಕಿಯಿಲ್ಲ, ಬೀಳುವ ಭಯ ಕಡಿಮೆ. ಎಷ್ಟು ಜನ ಬಂದರೂ ಎರಡು ಭಾಗ ಮಾಡಿಕೊಂಡು ಆಡಬಹುದಾಗಿತ್ತು. ಮೊದಲು 'ಮಿಂಟೊನೆಟ್' ಎಂದು ಕರೆಸಿಕೊಂಡ ಆ ಆಟಕ್ಕೆ ಮರುವರ್ಷ ವಾಲಿಬಾಲ್ ಎಂಬ ಹೆಸರು ಬಂದಿತು. ನಮ್ಮ ದೇಶದಲ್ಲಿಯೂ ವೈ.ಎಂ.ಸಿ.ಎ.ಯವರೇ ಇದನ್ನು ಹರಡಿದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿನಲ್ಲಿ ಆರಂಭಿಸಿದ ವ್ಯಾಯಾಮ ಶಿಕ್ಷಣದ ಶಾಲೆಯ ಕೊಡುಗೆ ಇದರಲ್ಲಿ ದೊಡ್ಡದು.

ಆದುದರಿಂದ ಇದು ನನ್ನಂಥವರಿಗೆ ಯಾರೋ ಕನಿಕರದಿಂದ ಬಿಟ್ಟುಕೊಟ್ಟ ಆಟವಲ್ಲ. ನನ್ನಂಥವರಿಗಾಗಿಯೇ ಹುಟ್ಟಿದ ಆಟ. ನಡುವೆ ತರುಣರು ಅದನ್ನು ಕಸಿದುಕೊಂಡರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಅದು ಏರಿತು. ಗಂಡಸರ ಬಲೆ 2.43 ಮೀಟರಿಗೆ ಏರಿತು. ನಮ್ಮ ಬಯಲಿನಲ್ಲಿ ಕಟ್ಟುವದೂ ಅದೇ ಎತ್ತರದ ಬಲೆಯನ್ನೇ. ಮಾರ್ಗನ್‌ನ ಕಾಲದ ಬಲೆಯಾಗಿದ್ದರೆ ಎಂದು ನಾನು ಎಷ್ಟೋ ಸಲ ನಿಟ್ಟುಸಿರಿಟ್ಟಿದ್ದೇನೆ.

ರವಿವಾರದ ಪಂದ್ಯಗಳಿಗೆ ಮುಂಚೆ ವಾರದ ಸಂಜೆಗಳಲ್ಲಿ ಆರೂ ತಂಡಗಳವರು ಬೆರೆತು ಅಭ್ಯಾಸ ಮಾಡುವದು ವಾಡಿಕೆ. ಮೊದಲ ಸಂಜೆ ನಾನು ಅಂಗಳದ ಹಿಂದಿನ ಮೂಲೆಯಲ್ಲಿ ನಿಂತೆನು. ಚೆಂಡು ಬಂದಿತು. ಅದು ಬರುವದನ್ನು ಕಂಡೆನು; ಎಲ್ಲಿ ಬೀಳುವದೆಂದು ತಿಳಿದೆನು; ಕೈ ಒಡ್ಡಬೇಕೆಂದು ನಿಶ್ಚಯಿಸಿದೆನು. ಈ ಮೂರೂ ಕ್ರಿಯೆಗಳು ಮುಗಿಯುವಷ್ಟರಲ್ಲಿ ಚೆಂಡು ಎದೆಗೆ ಬಡಿದು ಗೆರೆಯಾಚೆ ಉರುಳಿತ್ತು. ಎರಡನೆಯದು ಕೈಗೆ ತಾಗಿತು, ಆದರೆ ನನ್ನ ತಂಡದ ಕಡೆಗಲ್ಲ, ರಸ್ತೆಯ ಕಡೆಗೆ ಹೋಯಿತು. ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದ ಹುಡುಗರು ನಕ್ಕರು. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು. ನನ್ನನ್ನು ಗುರುತಿಸಿದೊಡನೆ ನಗುವನ್ನು ನುಂಗಿದರು. ನುಂಗಿದ ನಗು ಹೊರಟ ನಗುವಿಗಿಂತ ಹೆಚ್ಚು ಚುಚ್ಚುತ್ತದೆ ಎಂಬದು ಆಗ ತಿಳಿಯಿತು. ತಿಳಿವಳಿಕೆ ಪೂರ್ಣವಾಗಿದ್ದು ಮೈ ಮಾತ್ರ ಕೇಳದಿರುವ ಈ ಸ್ಥಿತಿ ನನಗೆ ಹೊಸದು. ಇಪ್ಪತ್ತು ವರ್ಷಗಳಿಂದ ನಾನು ನಿಂತ ಕಡೆಯಲ್ಲೆಲ್ಲ ಹೆಚ್ಚು ಬಲ್ಲವನು ನಾನೇ ಆಗಿದ್ದೆನು. ಇಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುವವರೂ, ಟ್ರ್ಯಾಕ್ಟರ ನಡೆಸುವವರೂ ನನ್ನನ್ನು ಮುಚ್ಚಿಕೊಂಡು ಆಡುವಂತಾಯಿತು.

ಕಂಡಕ್ಟರರ ತಂಡದ ಒಬ್ಬ ಆಟಗಾರನು ಇದನ್ನೆಲ್ಲ ನೋಡುತ್ತಿದ್ದನು. ಮೂವತ್ತೆಂಟರ ಸುಮಾರಿನ, ಒಣಕಲು ಮೈಯ ಮನುಷ್ಯ. ಆಟ ಮುಗಿದ ಮೇಲೆ ಚೆಂಡನ್ನು ಹಿಡಿದು ನನ್ನ ಬಳಿ ಬಂದು, "ಸರ್ರ, ಹತ್ತು ನಿಮಿಷ ನಿಲ್ರಿ," ಎಂದನು. ಮೂರು ಹೆಜ್ಜೆ ದೂರದಲ್ಲಿ ನಿಂತು ಚೆಂಡನ್ನು ಮೆಲ್ಲಗೆ ನನ್ನ ಕೈಗೆ ಎಸೆಯತೊಡಗಿದನು. "ಕೈ ಬಗ್ಗಿಸಬ್ಯಾಡ್ರಿ, ಮಣಕಾಲ ಬಗ್ಗಸ್ರಿ. ಚೆಂಡು ಹೊಡೀಬ್ಯಾಡ್ರಿ, ಎತ್ರಿ." ನಾಲ್ವತ್ತು ಸಲವಾದರೂ ಎಸೆದಿರಬೇಕು. ಮೂವತ್ತು ಸಲ ನಾನು ತಪ್ಪಿದೆನು. ಪ್ರತಿಸಲವೂ ಆತನು ಅದೇ ವೇಗದಿಂದ, ಅದೇ ಎತ್ತರದಿಂದ ಎಸೆದನು. ಚೆಂಡು ತಪ್ಪಿದಾಗ ನನ್ನ ಮುಖವನ್ನು ನೋಡುತ್ತಿರಲಿಲ್ಲ, ಚೆಂಡನ್ನು ನೋಡುತ್ತಿದ್ದನು. ಶಿಕ್ಷಣಶಾಸ್ತ್ರದ ಪದವಿಯಿಲ್ಲದ ಆ ಮನುಷ್ಯನಿಗೆ ಈ ಸೂಕ್ಷ್ಮ ಎಲ್ಲಿಂದ ಬಂದಿತೆಂದು ಬೆರಗಾದೆನು.

ಅಷ್ಟರಲ್ಲಿ ಅತ್ತ ಕಡೆಯಿಂದ ಯಾರೋ ಕೂಗಿದರು: "ಏ ನೆಗಡಿ, ಬಲಿ ಬಿಚ್ಚೋ, ಕತ್ತಲಾತು!" ಆತನು ಬಲೆ ಬಿಚ್ಚಲು ಹೋದನು. ಇದೆಂಥ ಅಡ್ಡ ಹೆಸರೆಂದು ಪಕ್ಕದಲ್ಲಿದ್ದ ಔಷಧದಂಗಡಿಯವರನ್ನು ಕೇಳಿದೆನು. ಅವರು ನಕ್ಕು, "ಕಾಲೇಜಿನ್ಯಾಗ ಯಾರೋ ಮಾಸ್ತರ ಇಟ್ಟದ್ದಂತ್ರಿ," ಎಂದರು.

ಆ ಯಾರೋ ಮಾಸ್ತರನು ನಾನೇ. ಇಪ್ಪತ್ತು ವರ್ಷಗಳ ಹಿಂದೆ, ನೌಕರಿಯ ಮೊದಲ ವರ್ಷ. ಹಳಗನ್ನಡದ ಪಾಠ. ಹಿಂದಿನ ಬಾಕಿನ ಹುಡುಗನೊಬ್ಬನಿಗೆ ಎದ್ದು ಓದಲು ಹೇಳಿದ್ದೆನು. 'ನೆಗೞ್ದ' ಎಂಬ ಶಬ್ದ ಬಂದಿತು. ಖ್ಯಾತಿ ಪಡೆದ ಎಂದು ಅದರ ಅರ್ಥ. ಅದರ ನಡುವೆ ಇರುವ ರಳಾಕ್ಷರ ಇಂದಿನ ಕನ್ನಡದಲ್ಲಿ ಬಳಕೆ ತಪ್ಪಿದ್ದು; ಶಾಲೆಯಲ್ಲಿ ಕಲಿಸಿದ ವರ್ಣಮಾಲೆಯಲ್ಲಿ ಅದು ಇರುವದಿಲ್ಲ. ಹುಡುಗನು ತಡವರಿಸಿದನು, ಮೇಲೆ ನೋಡಿದನು, ಕೊನೆಗೆ ತನಗೆ ಗೊತ್ತಿದ್ದ ಶಬ್ದಗಳಲ್ಲಿ ಅತ್ಯಂತ ಹತ್ತಿರದ್ದನ್ನು ಆರಿಸಿ 'ನೆಗಡಿ' ಎಂದು ಓದಿದನು. "ಯಾರಿಗಪಾ ನೆಗಡಿ, ಅರ್ಜುನಗೋ ನಿನಗೋ?" ಎಂದೆನು. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ಹೊಸ ಅಧ್ಯಾಪಕನಾದ ನನಗೆ ಅದು ದೊಡ್ಡ ವಿಜಯವೆನಿಸಿತ್ತು. ಹಲವು ವರ್ಷಗಳವರೆಗೆ ಸಹೋದ್ಯೋಗಿಗಳ ಮುಂದೆ ಈ ಪ್ರಸಂಗವನ್ನು ಹೇಳಿ ನಗಿಸಿದ್ದೂ ಉಂಟು. ಆ ಹುಡುಗನ ಹೆಸರು ನನಗೆ ನೆನಪಿರಲಿಲ್ಲ. ಊರಿಗೂ ನೆನಪಿಲ್ಲದಂತೆ ನಾನು ಮಾಡಿಟ್ಟಿದ್ದೆನು.

ಆ ರಾತ್ರಿ ಮೈಯೆಲ್ಲ ನೋಯುತ್ತಿತ್ತು. ಮರುದಿನದಿಂದ ಮೂರು ದಿನ ಬೋರ್ಡಿನ ಮೇಲ್ಭಾಗಕ್ಕೆ ಕೈ ಎತ್ತಲಾಗದೆ ನಡುವಿನಿಂದಲೇ ಬರೆದೆನು. ಆದರೆ ಅಭ್ಯಾಸ ಬಿಡಲಿಲ್ಲ. ಬಿಡಬೇಕೆಂದು ಎನಿಸಿದ್ದು ನೋವಿನಿಂದಲ್ಲ, ಆ ಮನುಷ್ಯನ ಎದುರು ನಿಲ್ಲುವ ಸಂಕೋಚದಿಂದ. ಹಾಗೆ ಬಿಟ್ಟಿದ್ದರೆ ಹಿಂದಿನ ಬಾಕಿನಿಂದ ಮತ್ತೆ ಏಳದ ಆ ಹುಡುಗನಿಗಿಂತ ನಾನು ಹೆಚ್ಚಿನವನು ಹೇಗಾದೇನು?

ನಮ್ಮ ಕಾವ್ಯಪರಂಪರೆಯನ್ನು ನೆನೆದರೂ ಹಿರಿಯರಿಗೆ ಆಟದಲ್ಲಿ ಒಳ್ಳೆಯ ಪಾತ್ರವಿರುವಂತೆ ತೋರುವದಿಲ್ಲ. ಪಾಂಡವ ಕೌರವರು ಚಿಕ್ಕವರಿದ್ದಾಗ ಎಷ್ಟೊಂದು ಆಡಿದರು! ಮರ ಹತ್ತಿದರು, ಭೀಮನು ಮರವನ್ನೇ ಅಲುಗಿಸಿ ಕೌರವರನ್ನು ಹಣ್ಣುಗಳಂತೆ ಉದುರಿಸಿದನು. ಆಟದ ವಸ್ತು ಬಾವಿಯಲ್ಲಿ ಬಿದ್ದಾಗ ಬಂದ ಹಿರಿಯನು ದ್ರೋಣ. ಆತನು ಅದನ್ನು ಬಾಣಗಳಿಂದ ಎತ್ತಿಕೊಟ್ಟನು. ಆದರೆ ಆಟಕ್ಕೆ ಇಳಿಯಲಿಲ್ಲ, ಕೌಶಲವನ್ನು ತೋರಿಸಿ ನೌಕರಿಗೆ ಸೇರಿದನು. ಅಂದಿನಿಂದ ಇಂದಿನವರೆಗೂ ಹಿರಿಯರಾದ ನಾವು ಬಯಲಿಗೆ ಬರುವದು ಕಲಿಸಲಿಕ್ಕೆ, ಇಲ್ಲವೆ ಬಹುಮಾನ ಹಂಚಲಿಕ್ಕೆ. ಇನ್ನು ಆ ಹುಡುಗರು ದೊಡ್ಡವರಾದ ಮೇಲೆ ಆಡಿದ ಆಟಗಳಲ್ಲಿ ನಮಗೆಲ್ಲ ನೆನಪಿರುವದು ಒಂದೇ. ಅದನ್ನು ಕುಳಿತುಕೊಂಡು ಆಡಿದರು, ದಾಳಗಳಿಂದ ಆಡಿದರು. ಅದರ ಫಲ ಏನಾಯಿತೆಂಬದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಆದರೆ ಕಾವ್ಯ ಬಿಟ್ಟು ನಮ್ಮ ಹಳ್ಳಿಗಳ ಕಡೆಗೆ ನೋಡಿದರೆ ಚಿತ್ರ ಬೇರೆಯಾಗುತ್ತದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಕುಸ್ತಿ ಮತ್ತು ಭಾರ ಎತ್ತುವ ಪಂದ್ಯಗಳು ಬಲ್ಲಿದರಿಗೆ ಮೀಸಲು; ಅವುಗಳ ಮಾತಲ್ಲ. ಶ್ರಾವಣದ ನಾಗರಪಂಚಮಿಯ ಮಾತು. ಮಕ್ಕಳ ತಾಯಂದಿರಾದ ಹೆಣ್ಣುಮಕ್ಕಳು ತವರಿಗೆ ಬಂದು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಜೀಕುತ್ತಾರೆ. ಗಂಡಸರು ಪಂದ್ಯ ಕಟ್ಟಿ ನಿಂಬೆಹಣ್ಣು ಎಸೆಯುತ್ತಾರೆ, ಕಣ್ಣು ಕಟ್ಟಿಕೊಂಡು ನಡೆಯುತ್ತಾರೆ, ಕಲ್ಲುಗುಂಡನ್ನು ಎತ್ತಲು ಹೋಗಿ ಎತ್ತಲಾರದೆ ನಗುತ್ತಾರೆ. ನಮ್ಮ ಅಜ್ಜನು ಅರವತ್ತು ದಾಟಿದ ಮೇಲೆಯೂ ಅಗಸಿಯಿಂದ ಹನುಮಂತದೇವರ ಗುಡಿಯವರೆಗೆ ಇಷ್ಟೇ ಎಸೆತಗಳಲ್ಲಿ ನಿಂಬೆಹಣ್ಣು ಮುಟ್ಟಿಸುವೆನೆಂದು ಪಂದ್ಯ ಕಟ್ಟಿ, ಸೋತು, ಕೊಬ್ಬರಿ ಬಟ್ಟಲುಗಳನ್ನು ತೆತ್ತದ್ದನ್ನು ನಾನು ಕಂಡಿದ್ದೇನೆ. ಮರುದಿನ ಪಂಚರ ಕಟ್ಟೆಯ ಮೇಲೆ ಆತನ ಮಾತಿಗೆ ಒಂದು ತೂಕವೂ ಕಡಿಮೆಯಾಗಲಿಲ್ಲ. ಬಾರದ ಆಟವನ್ನು ನಾಲ್ಕು ಜನರೆದುರು ಆಡಿ ಸೋಲುವ ಹಕ್ಕನ್ನು ನಮ್ಮ ಹಿಂದಿನವರು ವರ್ಷಕ್ಕೊಮ್ಮೆಯಾದರೂ ಎಲ್ಲರಿಗೂ ಕೊಟ್ಟಿದ್ದರು. ಶಾಲೆ ಕಲಿತು ಪಗಾರ ಎಣಿಸುವ ನಾವು ಅದನ್ನು ನಾವಾಗಿಯೇ ಬಿಟ್ಟುಕೊಟ್ಟೆವು.

ಬಿಟ್ಟುಕೊಟ್ಟುದರ ಲೆಕ್ಕವೂ ಈಗ ಸಿಗುತ್ತದೆ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ದೇಹಶ್ರಮವಿರಲಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. 2000ದಲ್ಲಿ ಒಟ್ಟು ಪ್ರಮಾಣ ನೂರಕ್ಕೆ 22ರಷ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವದಾದರೂ ದೊಡ್ಡದೇನಲ್ಲ: ವಾರಕ್ಕೆ ನೂರೈವತ್ತು ನಿಮಿಷಗಳ ಮಧ್ಯಮ ಶ್ರಮ, ಇಲ್ಲವೆ ಅದರ ಅರ್ಧದಷ್ಟು ಹೊತ್ತು ಬಿರುಸಿನ ಶ್ರಮ. ಬಿಸಿಲಿನಲ್ಲಿ ಹತ್ತಿ ಬಿಡಿಸುವ ಕೂಲಿಯ ಹೆಣ್ಣುಮಗಳಿಗೆ ಈ ಉಪದೇಶ ಬೇಡ. ಆಕೆಗೆ ಬೇಕಾದದ್ದು ವಿಶ್ರಾಂತಿ. ಉಪದೇಶವೇನಿದ್ದರೂ ಕುರ್ಚಿಯ ಮೇಲೆ ಕುಳಿತವರಿಗೆ.

ಆದರೆ ಎಲ್ಲಿ ಆಡಬೇಕು? ತಾಲೂಕಿನ ಊರುಗಳಲ್ಲಿ ಬಯಲುಗಳಿಲ್ಲವೆಂದಲ್ಲ. ಬಯಲಿಗೆ ಆಟವೊಂದನ್ನುಳಿದು ಬೇರೆಲ್ಲ ಕೆಲಸವೂ ಇದೆ. ಮದುವೆಯ ಗಾಡಿಗಳು ಅಲ್ಲಿ ನಿಲ್ಲಬೇಕು, ಪಟಾಕಿ ಅಂಗಡಿಗಳು ಅಲ್ಲಿ ಏಳಬೇಕು, ಸಭೆಗಳ ಹಂದರಗಳು ಅಲ್ಲಿಯೇ ಆಗಬೇಕು. ಕಾರ್ಯ ತೀರಿದ ಮೇಲೆ ಗೂಟಗಳನ್ನು ಕಿತ್ತೊಯ್ಯುವರು, ಕುಣಿಗಳನ್ನು ಬಿಟ್ಟುಹೋಗುವರು. ನಮ್ಮ ಎರೆಮಣ್ಣಿನ ನೆಲ ಮೊದಲೇ ಬೇಸಿಗೆಯಲ್ಲಿ ಬಾಯಿ ಬಿಡುವಂಥದು, ಮಳೆಗಾಲದಲ್ಲಿ ಕಾಲನ್ನು ಬಿಡದಂಥದು. ಆಟಕ್ಕೆ ಸಿಗುವದು ಹಿಂಗಾರಿಯ ಬೆಳೆ ನಿಂತಿರುವ ಕೆಲವು ತಿಂಗಳುಗಳು ಮಾತ್ರ. ಅಷ್ಟರಲ್ಲಿ ಅಂಥದೊಂದು ಕುಣಿಯಲ್ಲಿ ನನ್ನ ಕಾಲು ಸಿಕ್ಕು ಉಳುಕಿತು. ಎರಡು ರವಿವಾರ ಬದಿಗೆ ಕುಳಿತು ನೋಡಿದೆನು. ಯಾವ ಸಭೆಯ ಕುಣಿಯೆಂಬದು ಇಲ್ಲಿ ಅನಗತ್ಯ. ಆ ಸಭೆಗೆ ನಾನೂ ಹೋಗಿದ್ದೆನು, ಚಪ್ಪಾಳೆಯನ್ನೂ ತಟ್ಟಿದ್ದೆನು. ಹಂದರ ಹಾಕಿದವರು ಕುಣಿ ಮುಚ್ಚಿ ಹೋಗಬೇಕು, ಶಾಲೆ ಕಾಲೇಜುಗಳ ಬಯಲುಗಳ ಬಾಗಿಲು ಬೆಳಿಗ್ಗೆ ಸಂಜೆ ಊರವರಿಗೆ ತೆರೆದಿರಬೇಕು ಎಂದು ಕೇಳುವದು ದೊಡ್ಡ ಬೇಡಿಕೆಯೆಂದು ನನಗೆ ತೋರುವದಿಲ್ಲ. ಕ್ರೀಡಾಂಗಣ ಕಟ್ಟಿಸಿರೆಂದು ನಾವು ಬೇಡುತ್ತಿಲ್ಲ. ಇದ್ದ ನೆಲವನ್ನು ಸಮಮಾಡಿ ಬಿಟ್ಟರೆ ಸಾಕು.

ಪಂದ್ಯಗಳ ವಿಷಯವಾಗಿ ಹೆಚ್ಚು ಬರೆಯುವಂತಿಲ್ಲ. ಐದರಲ್ಲಿ ನಮ್ಮ ತಂಡ ನಾಲ್ಕನ್ನು ಸೋತಿತು. ಒಕ್ಕಲಿಗರ ತಂಡದವರು ನಮ್ಮನ್ನು ಎಷ್ಟು ಬೇಗ ಮುಗಿಸಿದರೆಂದರೆ ಅವರು ತಂದಿದ್ದ ಸೀತನಿಯನ್ನು ಬಿಸಿಯಿರುವಾಗಲೇ ಎಲ್ಲರೂ ಕೂಡಿ ತಿಂದೆವು. ಗೆದ್ದ ಒಂದು ಪಂದ್ಯ ಕಚೇರಿಯವರ ಮೇಲೆ. ಅಂದು ಅವರಲ್ಲಿ ಇಬ್ಬರಿಗೆ ಚುನಾವಣೆಯ ತರಬೇತಿಯಿತ್ತು. ಆ ಪಂದ್ಯದಲ್ಲಿ ನನ್ನ ಕೈಯಿಂದ ಹೊರಟ ಎರಡು ಸರ್ವಿಸುಗಳು ಬಲೆಯನ್ನು ದಾಟಿ ಎದುರಿನವರ ಅಂಗಳದಲ್ಲಿ ಬಿದ್ದವು. ಯಾರೂ ಮುಟ್ಟಲಿಲ್ಲ. ಅವು ಹೋಗಬೇಕೆಂದು ನಾನು ಬಯಸಿದ ಕಡೆಗೆ ಹೋದವೆಂದು ಹೇಳಿದರೆ ಸುಳ್ಳಾದೀತು. ಆದರೆ ಗೋಡೆಯ ಮೇಲಿನ ಹುಡುಗರು ಆ ದಿನ ನಗುವನ್ನು ನುಂಗದೆ ನಕ್ಕರು, ಜೊತೆಗೆ ಸಿಳ್ಳೆಯನ್ನೂ ಹಾಕಿದರು. ಆ ಇಡಿಯ ದಿನ ನಾನು ಹಗುರಾಗಿದ್ದೆನು. ತೂಕ ಮಾತ್ರ 85.

ಹಳೆಯ ಮಾತನ್ನು ಎತ್ತಲು ನನಗೆ ಎರಡು ತಿಂಗಳು ಬೇಕಾದವು. ಒಂದು ಸಂಜೆ ಚಹಾದ ಅಂಗಡಿಯ ಮುಂದೆ ಅವನೂ ನಾನೂ ಇಬ್ಬರೇ ಇದ್ದೆವು. "ಆ ಹೆಸರು ಇಟ್ಟವನು ನಾನೇ ಅಲ್ಲವೇ?" ಎಂದೆನು. ಚಹಾ ಊದಿ ಕುಡಿಯುತ್ತಿದ್ದವನು ತಲೆ ಎತ್ತಲಿಲ್ಲ. "ಹೌದ್ರಿ ಸರ್ರ. ಡಿಪೋದಾಗೂ ಅದ ಹೆಸರ ಐತಿ. ನನ್ನ ಖರೇ ಹೆಸರು ಪಗಾರ ಚೀಟಿಗೆ ಅಷ್ಟ." ತಪ್ಪಾಯಿತೆಂದು ನಾನು ಹೇಳಿದೆನು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮ್ಯಾಲ ನಾ ಪದ್ಯ ಓದಲಿಲ್ರಿ," ಎಂದನು. ಸಿಟ್ಟು ಇರಲಿಲ್ಲ, ಕ್ಷಮೆ ಇತ್ತೋ ಇಲ್ಲವೋ ಹೇಳಲಾರೆನು. ಬಟ್ಟಲನ್ನು ಕೆಳಗಿಟ್ಟು ಎದ್ದವನು, "ನಾಳಿ ಲಗೂ ಬರ್ರಿ. ಇನ್ನೂ ಮಣಕಾಲ ಬಗ್ಗವಲ್ಲವು ನಿಮ್ಮವು," ಎಂದು ಹೊರಟನು. ಬಯಲಿನಲ್ಲಿ ನಾನೀಗ ಆತನನ್ನು ಹೆಸರು ಹಿಡಿದು ಕರೆಯುತ್ತೇನೆ. ಉಳಿದವರು ಒಮ್ಮೊಮ್ಮೆ ತಿರುಗಿ, ಯಾರನ್ನು ಕರೆದರೆಂದು ನೋಡುತ್ತಾರೆ.

ವರ್ಗದಲ್ಲಿ ಹಳಗನ್ನಡವನ್ನು ಮೊದಲು ನಾನು ಓದುತ್ತೇನೆ, ಆಮೇಲೆ ಎಲ್ಲರೂ ಕೂಡಿ ಓದುತ್ತಾರೆ, ಒಬ್ಬೊಬ್ಬರಾಗಿ ಓದುವದು ಅದಾದ ಮೇಲೆ. ರಳಾಕ್ಷರ ಬಂದಾಗ ಪುಸ್ತಕವನ್ನು ನೋಡುತ್ತಿರುತ್ತೇನೆ. ಪಾಠ ಮೊದಲಿಗಿಂತ ನಿಧಾನವಾಗಿದೆ. ಈ ವರ್ಷ ಪಠ್ಯ ಮುಗಿಯುವದೋ ಇಲ್ಲವೋ ಎಂಬ ಚಿಂತೆ ಇದ್ದೇ ಇದೆ.

ಇಷ್ಟನ್ನು ಬರೆದು ಮುಗಿಸುವಷ್ಟರಲ್ಲಿ ನಮ್ಮ ಕಾಲೇಜಿನ ಇತಿಹಾಸದ ಬಾಯಿಯವರು ಬಂದು ಕೇಳಿದರು: "ಪಂಚಮಿಗೆ ಜೋಕಾಲಿ ಕಟ್ಟತೀರಿ ಅಂತ ಬರದೀರಿ, ಛಲೋ ಆತು. ಉಳಿದ ದಿನ ನಾವು ಏನ ಮಾಡೂಣು?" ಉತ್ತರ ಸಿದ್ಧವಿರಲಿಲ್ಲ. ಶಿಕ್ಷಕಿಯರು, ದವಾಖಾನೆಯ ನರ್ಸಬಾಯಿಯವರು, ಅಂಗನವಾಡಿಯವರು ಸೇರಿ ಹನ್ನೊಂದು ಹೆಸರುಗಳ ಯಾದಿಯನ್ನು ಅವರೇ ತಂದಿದ್ದರು. ಶನಿವಾರದ ಸಂಜೆ ಬಯಲನ್ನು ಅವರಿಗೆ ಬಿಟ್ಟುಕೊಡುವದೆಂದು ಆರೂ ತಂಡಗಳು ಒಪ್ಪಿವೆ; ಗೋಡೆಯ ಮೇಲೆ ಕೂಡ್ರುವ ಹುಡುಗರನ್ನು ಏನು ಮಾಡುವದೆಂಬದು ಮಾತ್ರ ಇನ್ನೂ ನಿರ್ಣಯವಾಗಿಲ್ಲ. ಹೆಂಗಸರ ಬಲೆಯ ಎತ್ತರ 2.24 ಮೀಟರು. ನಮ್ಮ ಕಂಬಗಳಿಗೆ ಆ ಎತ್ತರದಲ್ಲಿ ಕೊಂಡಿಯಿಲ್ಲ. ವೆಲ್ಡಿಂಗ್ ಅಂಗಡಿಯವನು ಕಂಡಕ್ಟರನ ಗೆಳೆಯ. ಬರುವ ಬುಧವಾರ ಬೆಸೆದುಕೊಡುವೆನೆಂದು ಹೇಳಿದ್ದಾನೆ.